ಕಾರ್ಡಿನ ಮೇಲಿನ ಎರಡನೆಯ ಗೆರೆ

ಆ ಚೀಟಿಯನ್ನು ನಾನು ಅವಳ ಮಾವನ ಕೈಗೆ ಕೊಟ್ಟೆ. ಮುಂದೆ ಆದದ್ದೆಲ್ಲ ಆ ಒಂದು ಕೆಲಸದಿಂದ ಆಯಿತು. ಅದಕ್ಕೇ ಅಲ್ಲಿಂದಲೇ ಹೇಳುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಸವದತ್ತಿಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನಾನು ರಕ್ತ ತಪಾಸಣೆಯ ಕೆಲಸ ಮಾಡುತ್ತಿದ್ದೆ. ಮೆಟ್ಟಿಲ ಕೆಳಗಿನ ಕೋಣೆ ನನ್ನದು. ಅಲ್ಲಿ ಒಂದು ಸೂಕ್ಷ್ಮದರ್ಶಕ, ರಕ್ತದ ನಳಿಕೆಗಳನ್ನು ಗರಗರ ತಿರುಗಿಸುವ ಒಂದು ಯಂತ್ರ, ಒಂದು ಹಳೆಯ ಫ್ರಿಜ್ ಇದ್ದವು. ಬಸುರಿಯರು ಬಂದು ಕಿಟಕಿಯೊಳಗೆ ಕೈ ಚಾಚುತ್ತಿದ್ದರು. ಹೀಗಾಗಿ ನಾನು ಅವರ ಮುಖಕ್ಕಿಂತ ಮೊಣಕೈಯ ನರವನ್ನೇ ಹೆಚ್ಚು ಗುರುತು ಹಿಡಿಯುತ್ತಿದ್ದೆ. ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಎಚ್‌ಐವಿ, ಹೆಪಟೈಟಿಸ್ ಬಿ, ಇಷ್ಟನ್ನು ಎಲ್ಲರಿಗೂ ನೋಡುತ್ತಿದ್ದೆವು. ಆ ಬೇಸಿಗೆಯಲ್ಲಿ ನಮ್ಮ ಲೇಡಿ ಡಾಕ್ಟರ್, ಎಲ್ಲರೂ ಡಾಕ್ಟರ್ ಬಾಯಿ ಎಂದು ಕರೆಯುವವರು, ಒಂದು ಸಭೆಗೆ ಹೋಗಿ ಬಂದು, ಹಿಂದೆ ರಕ್ತ ಹಾಕಿಸಿಕೊಂಡವರಿಗೆ, ಆಪರೇಶನ್ ಆದವರಿಗೆ ಹೆಪಟೈಟಿಸ್ ಸಿ ಕೂಡ ನೋಡೋಣ ಎಂದರು. ನಾನು ಆ ಪರೀಕ್ಷೆಯ ಕಾರ್ಡುಗಳನ್ನು ತರಿಸಿದೆ. ಸಿಕ್ಕರೆ ಏನು ಮಾಡುವುದು, ಯಾರಿಗೆ ಹೇಳುವುದು, ಎಲ್ಲಿಗೆ ಕಳಿಸುವುದು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಹುಡುಕುವುದಕ್ಕೆ ತಯಾರಾಗಿದ್ದೆವು, ಸಿಗುವುದಕ್ಕೆ ಆಗಿರಲಿಲ್ಲ.

ಹೂಲಿಯಿಂದ ಬಂದ ಆ ಹೆಣ್ಣುಮಗಳಿಗೆ ಎಂಟು ತಿಂಗಳು ತುಂಬುತ್ತಿತ್ತು. ಎರಡನೆಯ ಬಸಿರು. ಮೊದಲ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಎರಡು ಬಾಟಲಿ ರಕ್ತ ಹಾಕಿದ್ದರಂತೆ. ಈ ಪರೀಕ್ಷೆಯನ್ನೂ ಮಾಡಬೇಕು ಎಂದು ಡಾಕ್ಟರ್ ಬಾಯಿಯವರು ಹಿಂದಿನ ಸಲವೇ ಅವಳ ಚೀಟಿಯ ಮೇಲೆ ಬರೆದಿಟ್ಟಿದ್ದರು. ಅವತ್ತು ಅವರು ಬೆಳಗಾವಿಗೆ ಹೋಗಿದ್ದರು. ನಾನು ರಕ್ತ ತೆಗೆದು, ತಿರುಗಿಸಿ, ಮೇಲೆ ನಿಂತ ಹಳದಿ ನೀರನ್ನು ಕಾರ್ಡಿನ ಮೇಲೆ ಹಾಕಿದೆ. ಕಾರ್ಡಿನಲ್ಲಿ ಎರಡು ಜಾಗ ಇರುತ್ತವೆ. ಒಂದು ಗೆರೆ ಬಂದೇ ಬರಬೇಕು, ಅದು ಕಾರ್ಡು ಸರಿಯಿದೆ ಎಂಬುದಕ್ಕೆ ಗುರುತು. ಎರಡನೆಯದು ಬಂದರೆ ರೋಗದ ಸುಳಿವು. ಹತ್ತು ನಿಮಿಷದೊಳಗೆ ಎರಡನೆಯ ಗೆರೆ ಮಸುಕಾಗಿ ಎದ್ದು, ಆಮೇಲೆ ದಟ್ಟವಾಯಿತು. ಇನ್ನೊಂದು ಕಾರ್ಡು ಒಡೆದೆ. ಅದರಲ್ಲೂ ಹಾಗೇ.

ಮಾವ ಕಿಟಕಿಯ ಹತ್ತಿರ ಬಂದು ನಿಂತಿದ್ದರು. ಊರಲ್ಲಿ ಮರ್ಯಾದೆಯಿಂದ ಬಾಳಿದ ಒಕ್ಕಲುತನದ ಹಿರಿಯರು. ಹಣೆಯ ವಿಭೂತಿ ಬೆವರಿಗೆ ಅಳಿಸಿಹೋಗಿತ್ತು. ಬಸ್ಸಿನ ಹೊತ್ತಾಗಿತ್ತು.

"ಏನಂತ ಬಂದೈತ್ರಿ ಸಾಹೇಬರ?"

"ರಕ್ತದಾಗ ಒಂದ್ ರೋಗ ತೋರ್ಸಾಕ ಹತ್ತೈತ್ರಿ. ಕಾಮಣಿ ಜಾತೀದು."

"ಮೈಯಾಗ ಏನೂ ಆಗಿಲ್ಲಲ್ರಿ ಆಕಿಗೆ. ಹೆಂಗ ಬಂತಿದು?"

"ರಕ್ತದಿಂದ ಬರ್ತೈತ್ರಿ. ಆ ದೊಡ್ಡ ರೋಗ ಬರೂದಿಲ್ಲೇನು, ಹಂಗ."

ನಾನು ಹೇಳಿದ್ದು ಸುಳ್ಳಲ್ಲ. ಇದು ಕಾಮಾಲೆಯ ಜಾತಿಯದೇ. ಎರಡೂ ರಕ್ತದಿಂದ ಹರಡುತ್ತವೆ. ಆದರೆ ಆ ವರ್ಷಗಳಲ್ಲಿ ನಮ್ಮ ಕಡೆ ದೊಡ್ಡ ರೋಗ ಎಂದರೆ ಒಂದೇ, ಏಡ್ಸ್. ಅದರ ಹೆಸರನ್ನು ಜನ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಾವ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಒಳಗಿಸೆಯಲ್ಲಿ ಇಟ್ಟುಕೊಂಡರು. ಹೊರಗೆ ಬೆಂಚಿನ ಮೇಲೆ ಸೆರಗು ಹೊದ್ದು ಕುಳಿತಿದ್ದ ಸೊಸೆಗೆ "ನಡಿ" ಎಂದಷ್ಟೇ ಹೇಳಿದರು. ಅವಳು ಎದ್ದು ಹಿಂದೆ ಹೋದಳು. ನಾನು ಮುಂದಿನ ನಳಿಕೆ ಎತ್ತಿಕೊಂಡೆ.

ಮರುದಿನ ಡಾಕ್ಟರ್ ಬಾಯಿಯವರು ನನ್ನ ದಾಖಲೆ ಪುಸ್ತಕ ತಿರುವಿಹಾಕುತ್ತಾ ಆ ಸಾಲಿನ ಮೇಲೆ ಬೆರಳಿಟ್ಟರು.

"ಇದರ ಚೀಟಿ ಎಲ್ಲೈತಿ?"

"ಅವರ ಮಾವಾರಿಗೆ ಕೊಟ್ಟೇನ್ರಿ."

"ಆಕಿಗೆ ಹೇಳಿದ್ರೇನು?"

"ಇಲ್ರಿ."

"ರಕ್ತ ಯಾರದ್ರಿ?" ಎಂದು ಕೇಳಿದರು. ದನಿ ಏರಿಸಲಿಲ್ಲ. ನಾನು ಮಾವನಿಗೆ ಹೇಳಿದ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದಾಗ ಕುರ್ಚಿಯ ಮೇಲೆ ಕುಳಿತುಬಿಟ್ಟರು. "ನನ್ನದೂ ತಪ್ಪೈತಿ. ಪರೀಕ್ಷಾ ಮಾಡ್ರಿ ಅಂದೆ, ಮುಂದ ಏನಂತ ಹೇಳ್ಲಿಲ್ಲ" ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ವಾರದೊಳಗೆ ತೋರಿಸಿಕೊಳ್ಳಲು ಬರಬೇಕಿದ್ದವಳು ಬರಲಿಲ್ಲ. ಡಾಕ್ಟರ್ ಬಾಯಿಯವರು ತಮ್ಮ ವ್ಯಾನಿನಲ್ಲಿ ನನ್ನನ್ನು ಕೂರಿಸಿಕೊಂಡು ಹೂಲಿಗೆ ಹೊರಟರು. ಹಳೆಯ ಗುಡಿಗಳ ಸಾಲನ್ನು ದಾಟಿ ಒಳ ಓಣಿಗೆ ಹೋದೆವು. ಮನೆ ದೊಡ್ಡದು. ಪಡಸಾಲೆಯಲ್ಲಿ ಜಮಖಾನ ಹಾಸಿ ಕೂರಿಸಿದರು, ನೀರು ಕೊಟ್ಟರು. ಹೊರಗಿನ ಕಟ್ಟೆಯ ಮೂಲೆಯಲ್ಲಿ ಒಂದು ತಾಟು, ಒಂದು ತಂಬಿಗೆ ಬೇರೆಯಾಗಿ ಬೋರಲು ಹಾಕಿದ್ದರು. ಅದನ್ನು ನಾನು ಒಳಗೆ ಬರುವಾಗಲೇ ನೋಡಿದ್ದೆ.

"ತವರಮನಿಗೆ ಕಳಸೀವ್ರಿ, ತೊರಗಲ್ಲಿಗೆ" ಎಂದರು ಅತ್ತೆ.

ಡಾಕ್ಟರ್ ಬಾಯಿಯವರು ತಾಳ್ಮೆಯಿಂದ ಹೇಳಿದರು. ಇದು ಮುಟ್ಟಿದರೆ ಬರುವುದಿಲ್ಲ, ಜೊತೆಯಲ್ಲಿ ಉಂಡರೆ ಬರುವುದಿಲ್ಲ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ಇದು ಆ ದೊಡ್ಡ ರೋಗ ಅಲ್ಲವೇ ಅಲ್ಲ. ಹುಟ್ಟುವ ಕೂಸಿಗೆ ಬರುವ ಸಾಧ್ಯತೆಯೂ ಕಡಿಮೆ. ಅತ್ತೆ ಎಲ್ಲ ಕೇಳಿಸಿಕೊಂಡು ಕೊನೆಗೆ ಅಂದರು: "ಏನೂ ಇಲ್ಲಂದ್ರ ಚೀಟ್ಯಾಗ ಯಾಕ ಬರದ್ರಿ ಬಾಯಾರ?"

ಉತ್ತರ ಉದ್ದವಿತ್ತು. ಅವರಿಗೆ ಬೇಕಾಗಿದ್ದದ್ದು ಚಿಕ್ಕದು. ಮಾವ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಗಂಡ ಸವದತ್ತಿ-ಮುನವಳ್ಳಿ ನಡುವೆ ಜನರನ್ನು ಸಾಗಿಸುವ ಟ್ರ್ಯಾಕ್ಸ್ ಜೀಪು ಓಡಿಸುವವನು. ಬಾಗಿಲಲ್ಲಿ ನಿಂತು ಕೀಲಿಕೈಗಳನ್ನು ಅಂಗೈಯಲ್ಲಿ ಹಿಚುಕುತ್ತಿದ್ದ. ಅವನ ಹಿಂದೆ ಐದು ವರ್ಷದ ಹೆಣ್ಣುಮಗು ನಿಂತು ನಮ್ಮನ್ನು ನೋಡುತ್ತಿತ್ತು. ಅವಳ ಮೊದಲ ಮಗಳು. ತಾಯಿಯ ಜೊತೆ ಅದನ್ನು ಕಳಿಸಿರಲಿಲ್ಲ.

ವಾಪಸು ಬರುವಾಗ ನನಗೆ ಒಂದು ಆಸೆ ಹುಟ್ಟಿತು. ಕಾರ್ಡುಗಳನ್ನು ಮೂವತ್ತು ಡಿಗ್ರಿಗಿಂತ ಮೇಲೆ ಇಡಬಾರದು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಆ ಬೇಸಿಗೆಯಲ್ಲಿ ದಿನಕ್ಕೆ ಆರೇಳು ತಾಸು ಕರೆಂಟು ಇರುತ್ತಿರಲಿಲ್ಲ. ಫ್ರಿಜ್ಜಿನ ಬಾಗಿಲು ತೆರೆದರೆ ಬೆಚ್ಚನೆಯ ಗಾಳಿ ಬರುತ್ತಿತ್ತು. ಕಾರ್ಡು ಕೆಟ್ಟಿರಬಹುದು. ಕಾರ್ಡೇ ಸುಳ್ಳು ಹೇಳಿರಬಹುದು. ಅವಳ ರಕ್ತದ ನೀರು ಇನ್ನೂ ನನ್ನ ಹತ್ತಿರ ಒಂದು ನಳಿಕೆಯಲ್ಲಿತ್ತು. ಥರ್ಮಾಸಿನಲ್ಲಿ ಐಸ್ ತುಂಬಿ, ಅದರೊಳಗೆ ನಳಿಕೆಯಿಟ್ಟು, ಮರುದಿನ ಬೆಳಗಿನ ಧಾರವಾಡದ ಬಸ್ಸು ಹತ್ತಿ, ಅಲ್ಲಿಂದ ಹುಬ್ಬಳ್ಳಿಗೆ ಹೋದೆ. ದೊಡ್ಡ ತಪಾಸಣಾ ಕೇಂದ್ರವೊಂದರಲ್ಲಿ ಎಲೈಸಾ ಎಂಬ ಪರೀಕ್ಷೆ ಮಾಡುತ್ತಿದ್ದರು. ಕಾರ್ಡಿಗಿಂತ ನಂಬಿಕೆಯದು. ದಾರಿಯುದ್ದಕ್ಕೂ ಥರ್ಮಾಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ನನ್ನ ಕಾರ್ಡು ಕೆಟ್ಟಿರಲಿ, ನಾನು ಮೂರ್ಖನಾಗಲಿ ಎಂದು ಹರಕೆ ಹೊತ್ತವನ ಹಾಗೆ ಬೇಡಿಕೊಳ್ಳುತ್ತಿದ್ದೆ.

ಎರಡು ದಿನಕ್ಕೆ ಫೋನಿನಲ್ಲಿ ಹೇಳಿದರು. ಎಲೈಸಾದಲ್ಲೂ ಪಾಸಿಟಿವ್. ಕಾರ್ಡು ಸುಳ್ಳು ಹೇಳಿರಲಿಲ್ಲ.

ಆಗ ಡಾಕ್ಟರ್ ಬಾಯಿಯವರು ನಾನು ಮೊದಲೇ ತಿಳಿದಿರಬೇಕಾಗಿದ್ದ ಒಂದು ಸಂಗತಿ ಹೇಳಿದರು. ಕಾರ್ಡಾಗಲಿ ಎಲೈಸಾ ಆಗಲಿ ತೋರಿಸುವುದು ರೋಗಾಣುವನ್ನಲ್ಲ, ಅದರ ಜೊತೆ ಮೈ ಹೊಡೆದಾಡಿದ ಗುರುತನ್ನು. ಕೆಲವರ ಮೈಯಿಂದ ಅದು ತಾನಾಗಿ ಹೋಗಿಬಿಡುತ್ತದೆ, ಗುರುತು ಮಾತ್ರ ಉಳಿಯುತ್ತದೆ. ರೋಗಾಣು ಈಗಲೂ ಇದೆಯೇ ಎಂದು ನೋಡುವ ಪರೀಕ್ಷೆ ಬೇರೆ. ಅದಕ್ಕೆ ಹೊಸ ರಕ್ತ ಬೇಕು. ಹುಬ್ಬಳ್ಳಿಯವರು ಅದನ್ನು ಹೆಪ್ಪುಗಟ್ಟಿಸಿ ಮುಂಬೈಗೆ ಕಳಿಸುತ್ತಾರೆ, ವರದಿ ಬರಲು ವಾರಗಳೇ ಹಿಡಿಯುತ್ತವೆ.

"ಹೋಗಿ ರಕ್ತ ತರ್ರಿ" ಎಂದರು. "ಮತ್ತ ಆಕೀನ ಇಲ್ಲಿಗೆ ಬಾ ಅಂತ ಕರೀರಿ. ಹೋದ ಸಲ ರಕ್ತ ಹೋದಾಕಿ, ಮನ್ಯಾಗ ಹಡದ್ರ ಉಳಿಯೂದಿಲ್ಲ."

ತೊರಗಲ್ಲಿನಲ್ಲಿ ಇಳಿದಾಗ ಹನ್ನೊಂದರ ಬಿಸಿಲು. ಕೋಟೆಯ ಗೋಡೆಯ ನೆರಳು ಕೂಡ ರಸ್ತೆಗೆ ತಲುಪುತ್ತಿರಲಿಲ್ಲ. ತವರಿನ ಮನೆ ಹುಡುಕಿದೆ. ಅವಳ ಅಣ್ಣನ ಹೆಂಡತಿಯೂ ಬಸುರಿ. ಅದಕ್ಕೇ ಮಗಳನ್ನು ಹೊಲದ ಮನೆಯಲ್ಲಿ ಇಟ್ಟಿದ್ದೇವೆ ಎಂದು ತಾಯಿ ಹೇಳುತ್ತಲೇ ಕಣ್ಣೊರೆಸಿಕೊಂಡರು. ಊರ ಸೂಲಗಿತ್ತಿಗೆ ಹೇಗೋ ಸುದ್ದಿ ಮುಟ್ಟಿ, ಅವಳೂ ಬರುವುದಿಲ್ಲ ಎಂದಿದ್ದಳಂತೆ.

ಹೊಲದ ಮನೆ ಎಂದರೆ ಕುಂಟೆ, ಕೂರಿಗೆ ಇಡುವ ಒಂದು ಕೋಣೆ. ಒಂದು ಬದಿಗೆ ಜೋಳದ ಕಣಿಕೆ ಒಟ್ಟಿದ್ದರು. ಅವಳು ಹಗ್ಗದ ಹೊರಸಿನ ಮೇಲೆ ಕುಳಿತಿದ್ದಳು. ಅವತ್ತೇ ನಾನು ಅವಳ ಮುಖವನ್ನು ಸರಿಯಾಗಿ ನೋಡಿದ್ದು. ಇಪ್ಪತ್ತೈದು ದಾಟಿರಲಾರದು.

"ಚೀಟಿ ಬರದವ್ರು ನೀವಽ ಏನ್ರಿ ಅಣ್ಣಾರ?"

"ಹೌದವ್ವಾ."

"ಏನ್ ಬರದಿದ್ರಿ ಅದರಾಗ? ನನಗ ಯಾರೂ ಹೇಳ್ವಲ್ರು."

ನಾನು ನೆಲದ ಮೇಲೆ ಕುಳಿತು ಮೊದಲಿನಿಂದ ಹೇಳಿದೆ. ಅವಳಿಗೆ ಹಾಕಿದ ಎರಡು ಬಾಟಲಿ ರಕ್ತದಿಂದ ಬಂದಿರಬೇಕು, ಆಗ ಎಲ್ಲ ಕಡೆ ಈ ಪರೀಕ್ಷೆ ಮಾಡುತ್ತಿರಲಿಲ್ಲ, ಅವಳ ತಪ್ಪು ಏನೂ ಇಲ್ಲ. ಅವಳು ಮೊದಲು ಕೇಳಿದ್ದು ತನ್ನ ಬಗ್ಗೆ ಅಲ್ಲ.

"ನನ್ನ ಮಗಳಿಗೂ ಐತೇನ್ರಿ?"

"ಬಾಟ್ಲಿ ಹಾಕಿದ್ದು ಆಕಿ ಹುಟ್ಟೂಕಿಂತ ಮೊದ್ಲೋ, ಆಮ್ಯಾಲೋ?"

"ಆಮ್ಯಾಲ್ರಿ."

"ಹಂಗಾರ ಹೊಟ್ಟ್ಯಾಗ ಬಂದಿರಾಕ ಸಾಧ್ಯ ಇಲ್ಲವ್ವಾ."

"ಎರಡು ವರ್ಷ ಎದಿಹಾಲ ಕೊಟ್ಟೇನ್ರಿ."

ಹಾಲಿನಿಂದ ಬರುವುದಿಲ್ಲ ಎಂದು ಡಾಕ್ಟರ್ ಬಾಯಿಯವರು ಹೇಳಿದ್ದು ನೆನಪಿತ್ತು. ಅದನ್ನೇ ಹೇಳಿದೆ. ಅವಳು ಉಸಿರು ಬಿಟ್ಟಳು. ಎಷ್ಟು ದಿನದಿಂದ ಆ ಉಸಿರನ್ನು ಹಿಡಿದಿದ್ದಳೋ.

"ಬೈದರೇನವ್ವಾ ಮನ್ಯಾಗ?"

"ಯಾರೂ ಬೈದಿಲ್ರಿ. ಬೈದಿದ್ರ ಬೇಷಿತ್ತು. ಅತ್ತಿ ಹೊತ್ತಹೊತ್ತಿಗೆ ಬಿಸಿ ರೊಟ್ಟಿ ತಂದು ಕಟ್ಟಿಮ್ಯಾಲೆ ಇಟ್ಟು, ಸರದು ನಿಂದರ್ತಿದ್ರು. ಮಗಳು ಓಡಿ ಬಂದ್ರ ರಟ್ಟಿ ಹಿಡದು ಎಳಕೊಂತಿದ್ರು. ನಾನೂ ಕರೀಲಿಲ್ಲ. ಆಕಿಗೆ ಹತ್ತಿದ್ರ ಏನ್ ಮಾಡೂದಂತ."

ಕೈಗವಸು ಹಾಕಿಕೊಂಡು ಅವಳ ತೋಳಿಗೆ ಪಟ್ಟಿ ಕಟ್ಟಿದೆ. ಸೂಜಿ ಚುಚ್ಚುವ ಮೊದಲು ಅವಳು ನನ್ನ ಕೈಯನ್ನೇ ನೋಡುತ್ತಾ ಅಂದಳು: "ಹೋದ ಸಾರಿ ಇದನ್ನ ಹಾಕ್ಕೊಂಡಿದ್ದಿಲ್ರಿ."

ಖರೆ. ಆ ಕಾಲದಲ್ಲಿ ನಾವು ಯಾರಿಗೂ ಹಾಕಿಕೊಳ್ಳುತ್ತಿರಲಿಲ್ಲ. ಎಲ್ಲರಿಗೂ ಹಾಕಿಕೊಳ್ಳಬೇಕಿತ್ತು. ಹಾಕಿಕೊಂಡದ್ದು ಅವಳೊಬ್ಬಳಿಗೆ. ನನ್ನ ಬಾಯಿ ಒಂದು ಹೇಳುತ್ತಿತ್ತು, ಕೈ ಇನ್ನೊಂದು ಹೇಳುತ್ತಿತ್ತು. ಅವಳು ಕೈಯನ್ನು ನಂಬಿದಳು. ನಾನು ರಕ್ತ ತೆಗೆದೆ.

ಆಸ್ಪತ್ರೆಗೆ ಬರಲು ಕರೆದೆ. "ಅಲ್ಲಿ ಬಂದ್ರೂ ಇಂಥಾದ್ದ ಒಂದ್ ಕ್ವಾಣ್ಯಾಗ ಇಡ್ತೀರಿ, ಹೌದಲ್ರಿ? ಸಾಯೂದಿದ್ರ ಇಲ್ಲೇ ಸಾಯ್ತೇನಿ ಬಿಡ್ರಿ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಮುಗಿಸಿದವರ ದನಿ ಅದು.

"ಇಲ್ಲವ್ವಾ. ಎಲ್ಲಾರೂ ಇರೂ ವಾರ್ಡಿನ್ಯಾಗ, ಎಲ್ಲಾರ ನಡುವ ಇಡ್ತೇವಿ. ನಾ ಹೇಳ್ತೇನಿ" ಎಂದುಬಿಟ್ಟೆ. ಹಾಗೆ ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ಅವಳು ಹೂಂ ಎನ್ನಲಿಲ್ಲ. ಬರುವಾಗ ಆಸ್ಪತ್ರೆಯ ಫೋನ್ ನಂಬರನ್ನು ದೊಡ್ಡ ಅಂಕಿಯಲ್ಲಿ ಬರೆದು ತಾಯಿಯ ಕೈಗೆ ಕೊಟ್ಟು, ನೋವು ಶುರುವಾದರೆ ಸಾಕು, ಫೋನ್ ಮಾಡಿಸಿ ಎಂದೆ.

ರಕ್ತ ಹುಬ್ಬಳ್ಳಿಗೆ ಹೋಯಿತು. ನಾನು ಕೊಟ್ಟ ಮಾತು ಆಸ್ಪತ್ರೆಯಲ್ಲಿ ಗೊತ್ತಾಯಿತು. ಹೆರಿಗೆ ಕೋಣೆಯ ಸಿಸ್ಟರ್ ಹತ್ತು ವರ್ಷದಿಂದ ಕೆಲಸ ಮಾಡಿದವರು, ಕೈ ಚುರುಕಿನವರು. "ನನಗೂ ಎರಡು ಮಕ್ಕಳದಾವು. ಆ ಕೇಸಿಗೆ ನಾ ನಿಂದ್ರೂದಿಲ್ರಿ" ಎಂದರು. ಆಯಾ ಕೆಲಸವನ್ನೇ ಬಿಡುತ್ತೇನೆ ಎಂದಳು. ಡಾಕ್ಟರ್ ಬಾಯಿಯವರು ಬೇರೆ ಊರಿನ ಎರಡು ದೊಡ್ಡ ಆಸ್ಪತ್ರೆಗಳಿಗೆ ಫೋನ್ ಮಾಡಿದರು. ಯಾರೂ ಬೇಡ ಎನ್ನಲಿಲ್ಲ. ಒಬ್ಬರು ಹಾಸಿಗೆ ಖಾಲಿಯಿಲ್ಲ ಎಂದರು. ಇನ್ನೊಬ್ಬರು ಮುಂಬೈ ವರದಿ ಬಂದ ಮೇಲೆ ಕರೆತನ್ನಿ ಎಂದರು. ರಕ್ತಸ್ರಾವದ ಭಯವಿದ್ದ ಹೆರಿಗೆಯನ್ನು ಒಬ್ಬರೇ ಮಾಡುವಂತಿರಲಿಲ್ಲ. ಪಳಗಿದ ಇನ್ನೊಂದು ಜೊತೆ ಕೈ ಬೇಕೇ ಬೇಕಿತ್ತು.

ಆ ಕೈ ನನ್ನ ಮನೆಯಲ್ಲೇ ಇತ್ತು. ನನ್ನ ಹೆಂಡತಿ ಮುನವಳ್ಳಿ ಕಡೆಯ ಒಂದು ಉಪಕೇಂದ್ರದಲ್ಲಿ ನರ್ಸ್. ನೂರಾರು ಹೆರಿಗೆ ಮಾಡಿಸಿದವಳು. ಇದು ನನಗೆ ಮೊದಲ ದಿನವೇ ಹೊಳೆದಿತ್ತು. ನಾಲ್ಕು ದಿನ ಬಾಯಿ ಬಿಡಲಿಲ್ಲ. ಏಕೆ ಬಿಡಲಿಲ್ಲ ಎಂದು ನನಗೇ ಗೊತ್ತಿತ್ತು. ಹೂಲಿಯವರನ್ನು, ತೊರಗಲ್ಲಿನವರನ್ನು, ಸಿಸ್ಟರನ್ನು ಮನಸ್ಸಿನಲ್ಲೇ ಬೈಯುತ್ತಿದ್ದ ನಾನು ನನ್ನ ಹೆಂಡತಿಯ ಕೈ ಆ ರಕ್ತದಲ್ಲಿ ಅದ್ದುವುದನ್ನು ನೆನೆದು ಅಂಜುತ್ತಿದ್ದೆ. ಮುಟ್ಟುವುದು ಬೇರೆ, ಹೆರಿಗೆ ಬೇರೆ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಸೂಜಿ ಚುಚ್ಚಿಕೊಂಡರೆ ಅಪಾಯವಿತ್ತು. ಆದರೆ ನನ್ನ ಭಯ ಅಷ್ಟು ಅಳತೆಯದಾಗಿರಲಿಲ್ಲ.

ಐದನೆಯ ಬೆಳಿಗ್ಗೆ ಚಹಾ ಕುಡಿಯುವಾಗ ಹೇಳಿಬಿಟ್ಟೆ. ಅವಳು ಕಪ್ಪು ಕೆಳಗಿಟ್ಟಳು.

"ನಿಮಗ ಅಂಜಿಕಿ ಐತೇನ್ರಿ?"

"ಐತಿ."

"ಆಕಿಗೆ ಏನಂತ ಹೇಳಿ ಬಂದೀರಿ?"

"ಎಲ್ಲಾರ ನಡುವ ಇಡ್ತೇವಿ ಅಂತ."

"ಅಂದ್ರ ಮಾತು ಕೊಟ್ಟವ್ರು ನೀವು, ಕೈ ಹಚ್ಚಾಕಿ ನಾನು." ನಕ್ಕಳೋ, ಸಿಟ್ಟಾದಳೋ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಂದಳು: "ಚೀಟಿ ಇಲ್ಲದಾರ ಹೆರಿಗಿ ಎಷ್ಟು ಮಾಡೇನಿ, ಯಾರಿಗೆ ಏನಿತ್ತೋ. ಈಕಿದು ಗೊತ್ತರ ಐತಿ. ಡಾಕ್ಟರ್ ಬಾಯಾರಿಗೆ ಹೇಳ್ರಿ, ನಾ ರಜಾ ಹಾಕ್ತೇನಿ."

ಫೋನು ಬಂದದ್ದು ಮರುವಾರ, ಬೆಳಿಗ್ಗೆ ಎಂಟಕ್ಕೆ. ತೊರಗಲ್ಲಿನ ಎಸ್‌ಟಿಡಿ ಅಂಗಡಿಯಿಂದ ಅವಳ ತಾಯಿ ಕೂಗುತ್ತಿದ್ದರು: "ನೀರು ಹೋಗಾಕ ಹತ್ತೈತ್ರಿ. ಗಾಡಿಯವ್ರು ಯಾರೂ ಬರ್ವಲ್ರು."

ನಾನು ಟ್ರ್ಯಾಕ್ಸ್ ನಿಲ್ಲುವ ಜಾಗಕ್ಕೆ ಓಡಿದೆ. ಗಂಡ ಗಾಡಿ ತುಂಬಲು ಜನರನ್ನು ಕೂಗುತ್ತಿದ್ದ. ಆಗಲೇ ಐದಾರು ಮಂದಿ ಹತ್ತಿ ಕುಳಿತಿದ್ದರು.

"ನಿನ್ನ ಹೆಂಡತಿಗೆ ನೋವು ಶುರು ಆಗ್ಯಾವು. ಗಾಡಿ ತೆಗಿ."

"ಅಪ್ಪ ಬ್ಯಾಡ ಅಂದಾನ್ರಿ."

"ನೀ ಏನಂತಿ?"

ಅವನು ಕಿಸೆಯಿಂದ ಕೀಲಿಕೈ ತೆಗೆದ. ಆಮೇಲೆ ತಿರುಗಿ ಕುಳಿತವರಿಗೆ "ಇಳೀರಿ ಎಲ್ಲಾರೂ" ಎಂದ. ಆಸ್ಪತ್ರೆಯ ಮುಂದೆ ತಯಾರಾಗಿ ನಿಂತಿದ್ದ ನನ್ನ ಹೆಂಡತಿ ಚೀಲ ಹಿಡಿದು ಹಿಂದೆ ಹತ್ತಿದಳು. ಅವರು ಹೋಗಿ ಬರುವವರೆಗೆ ನಾನು ಹೆರಿಗೆ ಕೋಣೆಯಲ್ಲಿ ಸಾಮಾನು ಜೋಡಿಸಿದೆ. ಸಿಸ್ಟರ್ ಬಾಗಿಲಲ್ಲಿ ನಿಂತು ಯಾವುದು ಎಲ್ಲಿದೆ ಎಂದು ತೋರಿಸಿದರು, ಒಳಗೆ ಬರಲಿಲ್ಲ.

ಮಧ್ಯಾಹ್ನ ಮೂರೂವರೆಗೆ ಹೆರಿಗೆಯಾಯಿತು. ಗಂಡುಕೂಸು ಅತ್ತದ್ದು ನನ್ನ ಕೋಣೆಗೆ ಕೇಳಿಸಿತು. ಅದರ ಹಿಂದೆಯೇ ಡಾಕ್ಟರ್ ಬಾಯಿಯವರ ದನಿ: "ಇಂಜೆಕ್ಷನ್ ತರ್ರಿ, ಜಲ್ದಿ!" ಗರ್ಭಕೋಶ ಬಿಗಿಯುವಂತೆ ಮಾಡುವ ಆ ಇಂಜೆಕ್ಷನ್ ನನ್ನ ಫ್ರಿಜ್ಜಿನಲ್ಲೇ ಇರುತ್ತಿತ್ತು. ಒಯ್ದು ಬಾಗಿಲ ಸಂದಿನಲ್ಲಿ ಕೊಟ್ಟೆ. ಮತ್ತೊಂದು ಕೇಳಿದರು. ಐಸ್ ಕೇಳಿದರು. ಬಟ್ಟೆ ಕೇಳಿದರು. ಕೆಳಗೆ ಬಕೆಟ್ಟಿನಲ್ಲಿ ಬಿದ್ದಿದ್ದ ಬಟ್ಟೆಗಳನ್ನು ನೋಡಿ ನನಗೆ ಎಷ್ಟು ರಕ್ತ ಹೋಗಿದೆ ಎಂದು ಅಂದಾಜಾಯಿತು. ನನ್ನ ಹೆಂಡತಿ ಎರಡೂ ಕೈಯಿಂದ ಅವಳ ಕಿಬ್ಬೊಟ್ಟೆಯನ್ನು ಒತ್ತಿ ಹಿಡಿದು ನಿಂತಿದ್ದಳು. ಮುಕ್ಕಾಲು ತಾಸು ಹಾಗೇ ನಿಂತಿದ್ದಳಂತೆ. ಗುಂಪು ಹೊಂದಿಸಲು ಬಾಣಂತಿಯ ರಕ್ತದ ನಳಿಕೆ ಕೊಟ್ಟು ಅವಳ ಗಂಡನನ್ನು ಧಾರವಾಡದ ರಕ್ತ ನಿಧಿಗೆ ಅಟ್ಟಿದೆ.

ಅವನು ಒಂದು ಚೀಲ ರಕ್ತ ತರುವ ಹೊತ್ತಿಗೆ ಸಂಜೆ ಏಳಾಗಿತ್ತು. ಅಷ್ಟರೊಳಗೆ ರಕ್ತ ಹೋಗುವುದು ನಿಂತಿತ್ತು. ಆದರೆ ಹಿಮೋಗ್ಲೋಬಿನ್ ಅರ್ಧಕ್ಕಿಂತ ಕೆಳಗೆ ಇಳಿದು, ಅವಳ ತುಟಿಗಳು ಬಿಳಿಚಿದ್ದವು. ಚೀಲವನ್ನು ನೇತುಹಾಕುವಾಗ ಅವಳು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

"ಬ್ಯಾಡ್ರಿ."

ಡಾಕ್ಟರ್ ಬಾಯಿಯವರು ಹೇಳಿದರು, ಈಗ ರಕ್ತ ನಿಧಿಯಲ್ಲಿ ಪ್ರತಿ ಚೀಲಕ್ಕೂ ಈ ರೋಗದ ಪರೀಕ್ಷೆ ಮಾಡಿಯೇ ಕೊಡುತ್ತಾರೆ ಎಂದು. ಅವಳು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ನೀವು ನೋಡೀರೇನ್ರಿ ಅಣ್ಣಾರ?"

ಚೀಲದ ಕೊಳವೆಯಲ್ಲಿ ಸಣ್ಣ ಸಣ್ಣ ತುಂಡು ಮಾಡಿ ಮುಚ್ಚಿದ ರಕ್ತ ಇರುತ್ತದೆ, ಇಂಥ ತಪಾಸಣೆಗೆಂದೇ. ಅರ್ಧ ತಾಸು ಕೊಡಬಹುದೇ ಎಂದು ಕೇಳಿದೆ. ಡಾಕ್ಟರ್ ಬಾಯಿಯವರು ಅವಳ ನಾಡಿ ಹಿಡಿದು, ಹೂಂ ಎಂದರು. ಒಂದು ತುಂಡು ಕತ್ತರಿಸಿ, ನನ್ನ ಕೋಣೆಯಲ್ಲಿ ತಿರುಗಿಸಿ, ಕಾರ್ಡನ್ನು ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ತಂದಿಟ್ಟೆ. ಅವಳ ಕಣ್ಣೆದುರೇ ಹನಿ ಹಾಕಿದೆ.

"ಇಲ್ಲಿ ಒಂದ್ ಗೆರಿ ಬರಬೇಕು. ಇಲ್ಲಿ ಬರಬಾರದು" ಎಂದು ತೋರಿಸಿದೆ.

ಹದಿನೈದು ನಿಮಿಷ ಅವಳು ರೆಪ್ಪೆ ಅಲ್ಲಾಡಿಸದೆ ಆ ಕಾರ್ಡನ್ನೇ ನೋಡಿದಳು. ನಾನೂ ನೋಡಿದೆ. ಒಂದೇ ಗೆರೆ. ಇನ್ನೂ ಐದು ನಿಮಿಷ ಇರಿ ಎಂದಳು. ಇದ್ದೆವು. ಆಮೇಲೆ ತಾನಾಗಿ ಹೊದಿಕೆಯಿಂದ ಕೈ ಹೊರಗೆ ತೆಗೆದು ಚಾಚಿದಳು. ಎಷ್ಟೋ ಸಾವಿರ ಪರೀಕ್ಷೆ ಮಾಡಿದ್ದ ನಾನು ಅವತ್ತೇ ಮೊದಲ ಸಲ ಒಂದು ಪರೀಕ್ಷೆಯನ್ನು ಅದು ಬೇಕಾದವರಿಗೆ ತೋರಿಸಿ ಮಾಡಿದ್ದೆ.

ಅವಳನ್ನು ವಾರ್ಡಿನ ನಡುವಿನ ಹಾಸಿಗೆಗೇ ಹಾಕಿದೆವು. ಪಕ್ಕದ ಇಬ್ಬರು ಬಾಣಂತಿಯರು ಮರುದಿನ ಮನೆಗೆ ಹೋದರು, ಅವಧಿಗೆ ಮೊದಲೇ. ಮೂರನೆಯವಳು ಉಳಿದಳು. ಸಿಸ್ಟರ್ ಎರಡನೆಯ ದಿನ ಏನೂ ಮಾತಾಡದೆ ಕೂಸಿಗೆ ಸ್ನಾನ ಮಾಡಿಸಲು ಎತ್ತಿಕೊಂಡು ಹೋದರು.

ಮುಂಬೈ ವರದಿ ಆರನೆಯ ದಿನ ಬಂತು. ರೋಗಾಣು ಪತ್ತೆಯಾಗಿಲ್ಲ ಎಂದಿತ್ತು. ಡಾಕ್ಟರ್ ಬಾಯಿಯವರು ಎರಡು ಸಲ ಓದಿ ನನ್ನ ಕೈಗೆ ಕೊಟ್ಟು, "ಹೋಗ್ರಿ, ನೀವಽ ಹೇಳ್ರಿ" ಎಂದರು.

ಅವಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ನಾನು ಮುಖ ಬೇರೆ ಕಡೆ ತಿರುಗಿಸಿ ನಿಂತು ಹೇಳಿದೆ. "ಗಾಯ ಆಗಿತ್ತವ್ವಾ, ಮಾಯ್ದೈತಿ. ಕಲಿ ಅಷ್ಟ ಉಳದೈತಿ. ಕಾರ್ಡು ತೋರಿಸಿದ್ದು ಆ ಕಲೀನ. ಆರು ತಿಂಗಳಿಗೆ ಇನ್ನೊಮ್ಮೆ ನೋಡಿ ಖಾತ್ರಿ ಮಾಡ್ಕೊಳ್ಳೂಣು."

"ಯಾವಾಗ ಮಾಯ್ದೈತ್ರಿ?"

"ಹೇಳಾಕ ಬರೂದಿಲ್ಲ. ನಾಕ ವರ್ಷ ಆಗಿರಬೇಕು."

"ಅಂದ್ರ ಅವತ್ತು ಮಾವನ ಕೈಯಾಗ ಚೀಟಿ ಕೊಟ್ಟಾಗ ನನ್ನ ಮೈಯಾಗ ಏನೂ ಇದ್ದಿದ್ದಿಲ್ಲ."

"ಇದ್ದಿದ್ದಿಲ್ಲವ್ವಾ."

"ಮತ್ತ ನಾ ಹೊಲದ ಮನ್ಯಾಗ ಯಾಕ ಇದ್ದೆ?"

ತಪ್ಪಾಯ್ತು ಎಂದೆ. ಅದು ಅವಳಿಗೆ ಕೇಳಿಸಿತೋ ಇಲ್ಲವೋ.

ಆ ವರದಿ ಹಿಡಿದು ನಾನು ಹೂಲಿಗೆ ಹೋದೆ. ಮಾವ ಅದನ್ನು ಮುಟ್ಟಲಿಲ್ಲ. "ಅವತ್ತ ಐತಿ ಅಂತ ಚೀಟಿ ಕೊಟ್ಟವ್ರೂ ನೀವಽ. ಇವತ್ತ ಇಲ್ಲ ಅಂತ ತಂದವ್ರೂ ನೀವಽ. ಯಾವ ಚೀಟಿ ನಂಬೂದ್ರಿ ಸಾಹೇಬರ?" ಎಂದರು. ವ್ಯಂಗ್ಯವಲ್ಲ, ನಿಜವಾಗಿಯೂ ಕೇಳುತ್ತಿದ್ದರು. ಎರಡೂ ಚೀಟಿ ಖರೆ ಎಂದು ಅವರಿಗೆ ತಿಳಿಯುವ ಹಾಗೆ ಹೇಳಲು ನನ್ನಿಂದ ಆಗಲಿಲ್ಲ.

ಗಂಡ ಮಗಳನ್ನು ಕರೆದುಕೊಂಡು ಬಂದದ್ದು ಎಂಟನೆಯ ದಿನ, ತಂದೆಗೆ ಹೇಳದೆ. ಹುಡುಗಿ ವಾರ್ಡಿನ ಹೊಸ್ತಿಲಲ್ಲೇ ನಿಂತುಬಿಟ್ಟಿತು. ಎರಡೂ ಕೈ ಬೆನ್ನ ಹಿಂದೆ.

"ಬಾ, ತಮ್ಮನ್ನ ನೋಡು ಬಾ" ಎಂದಳು ನನ್ನ ಹೆಂಡತಿ.

"ಆಯಿ ಮುಟ್ಟಬ್ಯಾಡ ಅಂದಾಳ" ಎಂದು ಹುಡುಗಿ ಅಜ್ಜಿಯ ಮಾತನ್ನು ಹೇಳಿತು.

ಅಪ್ಪ ಅದನ್ನು ಎತ್ತಿಕೊಂಡು ಹೋಗಿ ಮಂಚದ ಮೇಲೆ ಕೂರಿಸಿದ. ಮಗು ಮೈಯೆಲ್ಲ ಬಿಗಿ ಹಿಡಿದು, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕುಳಿತಿತು. ತಾಯಿ ಅದರತ್ತ ಕೈ ಚಾಚಲು ಹೋಗಿ ತಡೆದುಕೊಂಡಳು. "ಇರ್ಲಿ ಬಿಡ್ರಿ, ಇಳಸ್ರಿ. ತಾನ ಬರ್ಲಿ" ಎಂದಳು. ಅವತ್ತು ಅದು ಬರಲಿಲ್ಲ. ಹೊಸ್ತಿಲಿಗೆ ವಾಪಸು ಹೋಗಿ, ಹೋಗುವವರೆಗೆ ಅಲ್ಲೇ ನಿಂತಿತ್ತು.

ಗಂಡ ಮುನವಳ್ಳಿಯಲ್ಲಿ ಎರಡು ಖೋಲಿಯ ಮನೆಯೊಂದನ್ನು ಬಾಡಿಗೆಗೆ ಹಿಡಿದ. ಹೂಲಿಗೆ ಅವಳು ತಿರುಗಿ ಹೋಗಲಿಲ್ಲ. ಮಗಳು ತಾಯಿಯ ಪಕ್ಕದಲ್ಲಿ ಮಲಗಲು ಎರಡು ತಿಂಗಳು ಹಿಡಿಯಿತು ಎಂದು ನನ್ನ ಹೆಂಡತಿ ಹೇಳಿದಳು. ಅವರ ಬಾಡಿಗೆ ಮನೆ ನನ್ನ ಹೆಂಡತಿಯ ಉಪಕೇಂದ್ರದ ದಾರಿಯಲ್ಲೇ ಇತ್ತು. ಆಸ್ಪತ್ರೆಯಲ್ಲಿ ಪರೀಕ್ಷೆ ಮುಂದುವರಿಯಿತು. ಆದರೆ ಏನು ನೋಡುತ್ತಿದ್ದೇವೆ ಎಂದು ರಕ್ತ ತೆಗೆಯುವ ಮೊದಲೇ ಹೇಳುವುದು, ಖಾತ್ರಿಯಾಗದೆ ಚೀಟಿ ಬರೆಯದಿರುವುದು, ರಕ್ತ ಕೊಟ್ಟವಳ ಕೈಗೇ ಚೀಟಿ ಕೊಡುವುದು ಪದ್ಧತಿಯಾಯಿತು. ನಾನು ಎಲ್ಲರಿಗೂ ಕೈಗವಸು ಹಾಕಿಕೊಳ್ಳತೊಡಗಿದೆ.

ಆರು ತಿಂಗಳಿಗೆ ಮತ್ತೊಮ್ಮೆ ಮುಂಬೈಗೆ ಕಳಿಸಿದಾಗಲೂ ರೋಗಾಣು ಇರಲಿಲ್ಲ. ಇನ್ನು ಬೇಕಿಲ್ಲ ಎಂದು ಡಾಕ್ಟರ್ ಬಾಯಿಯವರು ಹೇಳಿದ್ದರೂ, ಹುಡುಗನಿಗೆ ಒಂದೂವರೆ ವರ್ಷ ತುಂಬಿದಾಗ ಅವಳೇ ಎರಡೂ ಮಕ್ಕಳನ್ನು ಕರೆತಂದು, ಇಬ್ಬರಿಗೂ ನೋಡಿರಿ ಎಂದಳು. ನೋಡಿದೆ. ಎರಡು ಕಾರ್ಡಿನಲ್ಲೂ ಒಂದೊಂದೇ ಗೆರೆ. ಚೀಟಿ ಬರೆದು ಕಿಟಕಿಯಿಂದ ಅವಳ ಕೈಗೆ ಕೊಟ್ಟೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಒಳಗೆ ಬಂದು ಕುಳಿತುಕೋ, ಹೇಳುತ್ತೇನೆ ಎಂದೆ.

"ಒಳಗ ಬ್ಯಾಡ್ರಿ. ಇಲ್ಲೇ ಓದ್ರಿ" ಎಂದು ಚೀಟಿಯನ್ನು ನನಗೇ ತಿರುಗಿ ಕೊಟ್ಟಳು. "ಕುಂತವ್ರಿಗೆಲ್ಲಾ ಕೇಳೂವಂಗ ಓದ್ರಿ."

ಬೆಂಚಿನ ಮೇಲೆ ಏಳೆಂಟು ಬಸುರಿಯರು, ಅವರ ಅತ್ತೆಯರು, ಮಾವಂದಿರು ಕುಳಿತಿದ್ದರು. ನಾನು ಎದ್ದು ನಿಂತು ಓದಿದೆ. ಇಬ್ಬರು ಮಕ್ಕಳ ಹೆಸರು, ಪರೀಕ್ಷೆಯ ಹೆಸರು, ರೋಗ ಇಲ್ಲ ಎಂಬ ಸಾಲು. ಯಾರೂ ಅಷ್ಟು ಲಕ್ಷ್ಯ ಕೊಡಲಿಲ್ಲ. ಒಬ್ಬರು ರಾಮದುರ್ಗದ ಬಸ್ಸು ಎಷ್ಟಕ್ಕೆ ಎಂದು ಪಕ್ಕದವರನ್ನು ಕೇಳಿದರು.

"ಇನ್ನೊಮ್ಮೆ ಓದ್ರಿ" ಎಂದಳು.

ಓದಿದೆ.